ಆಫ್ರಿಕಾ ಸಫಾರಿಗೆ ಎಷ್ಟು ಹಣ ಬೇಕು? ಗುಂಪಿನ ಪ್ರಶ್ನೆಗಳು ಮತ್ತು ಉತ್ತರಗಳು

ನಿರ್ವಾಹಕರು: ನೈರೋಬಿಯಲ್ಲಿ ನೆಲೆಸಿ ಸಫಾರಿ ಪ್ರವಾಸಗಳನ್ನು ಏರ್ಪಡಿಸುತ್ತಿರುವ ನಮ್ಮ ಸದಸ್ಯೆಯೊಬ್ಬರು ಇಂದು ಖರ್ಚುವೆಚ್ಚದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಎಷ್ಟು ಜನ, ಯಾವ ತಿಂಗಳು, ಎಷ್ಟು ರಾತ್ರಿ ಎಂಬುದನ್ನು ದಯವಿಟ್ಟು ತಪ್ಪದೆ ಬರೆಯಿರಿ.

ಮೈಸೂರಿನ ಸದಸ್ಯರು: ನಮಸ್ಕಾರ ಮೇಡಂ. ನಾವು ದಂಪತಿ. ಕಬಿನಿ, ಬಂಡೀಪುರಗಳಿಗೆ ಹಲವು ಸಲ ಹೋಗಿದ್ದೇವೆ. ಕೀನ್ಯಾದ ಮಸಾಯಿ ಮಾರಾ ನೋಡಿ ಬರಲು ಒಟ್ಟು ಎಷ್ಟಾಗಬಹುದು?

ಉತ್ತರ: ನಮಸ್ಕಾರ ಸರ್. ತಾವು ತಿಂಗಳು ಬರೆದಿಲ್ಲ. ಮಾರಾದ ಮಟ್ಟಿಗೆ ಇಡೀ ಲೆಕ್ಕ ನಿಂತಿರುವುದೇ ತಿಂಗಳ ಮೇಲೆ. 2024ರಿಂದ ವಿದೇಶಿ ವಯಸ್ಕರಿಗೆ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ಟು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಮಧ್ಯಾಹ್ನ ತಲುಪಿ ಸಂಜೆ ಎರಡು ಗಂಟೆ ಸುತ್ತಿದರೂ ಒಂದು ಪೂರ್ತಿ ದಿನದ ಶುಲ್ಕ ಕೊಡಬೇಕಾಗುತ್ತದೆ.

ಎರಡನೆಯದು ವಾಹನ. ಮೇಲ್ಛಾವಣಿ ತೆರೆಯುವ ಲ್ಯಾಂಡ್ ಕ್ರೂಸರಿಗೆ ಚಾಲಕ ಮತ್ತು ಇಂಧನ ಸೇರಿ ದಿನಕ್ಕೆ 200ರಿಂದ 250 ಡಾಲರ್ ಆಗುತ್ತದೆ. ಒಳಗೆ ಇಬ್ಬರು ಕೂತರೂ ಅಷ್ಟೇ, ಆರು ಜನ ಕೂತರೂ ಅಷ್ಟೇ. ಕಬಿನಿಯಲ್ಲಿ ಸೀಟಿಗಿಷ್ಟು ಎಂದು ಕೊಟ್ಟು ಅಭ್ಯಾಸವಾದವರು ಈ ಒಂದು ಅಂಶವನ್ನು ಮರೆಯುತ್ತಾರೆ. ಜೂನ್‌ನಲ್ಲಿ ಮಾರಾದಲ್ಲಿ 3 ರಾತ್ರಿ, ನೈರೋಬಿಯಲ್ಲಿ 1 ರಾತ್ರಿ ಎಂದುಕೊಂಡರೆ ಇಬ್ಬರಿಗೆ ಮೂರು ದಿನದ ಪ್ರವೇಶಕ್ಕೆ 600, ನಾಲ್ಕು ದಿನದ ವಾಹನಕ್ಕೆ 920, ಊಟ ಸೇರಿದ ಮಧ್ಯಮ ದರ್ಜೆಯ ಟೆಂಟಿಗೆ 750, ನೈರೋಬಿಯ ಕೋಣೆಗೆ 100, ಕೀನ್ಯಾದ ಆನ್‌ಲೈನ್ ಪ್ರವೇಶ ಅನುಮತಿಯಾದ ಇ-ಟಿಎಗೆ 60ರ ಆಸುಪಾಸು, ಚಾಲಕರ ಟಿಪ್ಸಿಗೆ 60, ಒಟ್ಟು ಸುಮಾರು 2,490 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 2.24 ಲಕ್ಷ. ಅದೇ ಪ್ರವಾಸವನ್ನು ಜುಲೈ 1ಕ್ಕೆ ತಳ್ಳಿದರೆ ಪ್ರವೇಶವೊಂದರಲ್ಲೇ 54,000 ರೂಪಾಯಿ ಹೆಚ್ಚುತ್ತದೆ, ಟೆಂಟಿನ ದರವೂ ಏರುತ್ತದೆ. ವಿಮಾನದ ಟಿಕೆಟ್ಟು ಇದರಲ್ಲಿ ಸೇರಿಲ್ಲ. ಬೆಂಗಳೂರಿನಿಂದ ಮುಂಬೈ ಅಥವಾ ಅಡಿಸ್ ಅಬಾಬಾ ಮೂಲಕ ಬರಬಹುದು.

ತುಮಕೂರಿನ ಸದಸ್ಯರು: 400 ಎಂಎಂ ಲೆನ್ಸ್ ನೈರೋಬಿಯಲ್ಲಿ ಬಾಡಿಗೆಗೆ ಸಿಗುತ್ತದೆಯೇ ಮೇಡಂ?

ದಾವಣಗೆರೆಯ ಸದಸ್ಯರು: ಮೇಡಂ, ನಾವಿಬ್ಬರು. ಮಾರಾಗೆ ಒಟ್ಟು ಎಷ್ಟಾಗುತ್ತದೆ?

ಉತ್ತರ: ಮೈಸೂರಿನವರಿಗೆ ಬರೆದ ಉತ್ತರವನ್ನು ಓದಿ.

ಮಂಡ್ಯದ ಸದಸ್ಯರು: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: "ಕೀನ್ಯಾದಲ್ಲಿ ಭಾರತೀಯ ಮೂಲದವರು ಬಹಳ ಇದ್ದಾರೆ. ಅಲ್ಲಿನ ನಿವಾಸಿ ಎಂದು ಹೇಳಿ ಸ್ಥಳೀಯ ದರದಲ್ಲಿ ಟಿಕೆಟ್ ಪಡೆಯಿರಿ, ಲಕ್ಷ ಉಳಿಸಿ." ಇದು ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ, ಪ್ರಯತ್ನಿಸಲೂ ಬಾರದು. ಗೇಟಿನಲ್ಲಿ ನಿವಾಸಿಗಳ ಗುರುತಿನ ಚೀಟಿ ಕೇಳುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ತೊಂದರೆ ತಮ್ಮೊಬ್ಬರಿಗೇ ಮುಗಿಯುವುದಿಲ್ಲ. ತಮ್ಮನ್ನು ಕರೆತಂದ ಚಾಲಕನ ಅನ್ನಕ್ಕೂ ಕಲ್ಲು ಬೀಳುತ್ತದೆ. ಇಂಥ ಸಂದೇಶಗಳನ್ನು ಮುಂದಕ್ಕೆ ಕಳುಹಿಸುವವರು ಒಮ್ಮೆಯಾದರೂ ಆ ಗೇಟಿನ ಮುಂದೆ ನಿಂತಿದ್ದಾರೆಯೇ ಎಂದು ಕೇಳಿ ನೋಡಿ.

ಶಿವಮೊಗ್ಗದ ಸದಸ್ಯರು: ಮೇಡಂ, ನಾವು ಆರು ಜನ: ನಾನು, ನನ್ನ ಹೆಂಡತಿ, 71 ವರ್ಷದ ಅಪ್ಪ, 66 ವರ್ಷದ ಅಮ್ಮ, 12 ಮತ್ತು 7 ವರ್ಷದ ಮಕ್ಕಳು. ಆಗಸ್ಟ್‌ನಲ್ಲಿ 6 ರಾತ್ರಿ: ನೈರೋಬಿ 1, ಮಾರಾ 2, ಸೆರೆಂಗೆಟಿ 2, ನ್ಗೊರೊಂಗೊರೊ 1. ವಿಮಾನ ಬಿಟ್ಟು ತಲೆಗೆ 95,000 ರೂಪಾಯಿ ಎಂದು ಏಜೆಂಟರು ಹೇಳಿದ್ದಾರೆ. ಸ್ವಲ್ಪ ಮುಂಗಡ ಕೊಟ್ಟಾಗಿದೆ, ಅರ್ಧ ಹಣವನ್ನು ಶುಕ್ರವಾರದೊಳಗೆ ಕಟ್ಟಬೇಕಂತೆ. ಕೊಟೇಶನ್ನಿನ ಕೊನೆಯಲ್ಲಿ "ಉದ್ಯಾನ ಶುಲ್ಕ ವಾಸ್ತವದಂತೆ ಪ್ರತ್ಯೇಕ" ಎಂದಿದೆ. ದರ ಸರಿಯಾಗಿದೆಯೇ?

ಉತ್ತರ: ಸರ್, ಶುಕ್ರವಾರ ಹಣ ಕಟ್ಟಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ತಾವು ಕೊನೆಗೆ ಬರೆದಿರುವ ಆ ಒಂದು ಸಾಲಿನಲ್ಲೇ ಈ ಪ್ರವಾಸದ ನಿಜವಾದ ಬೆಲೆ ಅಡಗಿದೆ. ಆಗಸ್ಟ್‌ನಲ್ಲಿ ಮಾರಾಕ್ಕೆ ಎರಡು ದಿನದ ಟಿಕೆಟ್ಟು ಎಂದರೆ ನಾಲ್ವರು ವಯಸ್ಕರಿಗೆ 1,600 ಡಾಲರ್. 12 ವರ್ಷದ ಮಗುವಿಗೆ ದಿನಕ್ಕೆ 50ರಂತೆ 100. 7 ವರ್ಷದ ಮಗುವಿಗೆ ಶುಲ್ಕವಿಲ್ಲ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ವಯಸ್ಕರಿಗೆ 24 ಗಂಟೆಗೆ 70 ಡಾಲರ್, ಅದರ ಮೇಲೆ ಶೇ 18 ವ್ಯಾಟ್ ಸೇರಿ 82.60. ಉದ್ಯಾನದೊಳಗಿನ ಲಾಡ್ಜಿನಲ್ಲಿ ತಂಗಿದರೆ ಪ್ರತಿ ರಾತ್ರಿಗೆ ಕನ್ಸೆಶನ್ ಶುಲ್ಕವೆಂದು ವ್ಯಾಟ್ ಸೇರಿ 70.80 ಬೇರೆ. ಎರಡು ರಾತ್ರಿಗೆ ನಾಲ್ವರಿಗೆ ಸುಮಾರು 1,227 ಡಾಲರ್ ಆಯಿತು. ನ್ಗೊರೊಂಗೊರೊ ಪ್ರದೇಶಕ್ಕೆ ವಯಸ್ಕರಿಗೆ ವ್ಯಾಟ್ ಸೇರಿ 70.80, ಅಲ್ಲಿನ ಜ್ವಾಲಾಮುಖಿ ಕುಳಿಯೊಳಗೆ ವಾಹನ ಇಳಿಸಲು ವಾಹನವೊಂದಕ್ಕೆ 295. ಇವನ್ನೆಲ್ಲ ಕೂಡಿಸಿದರೆ, ಟಾಂಜಾನಿಯಾದಲ್ಲಿ ಮಕ್ಕಳ ಶುಲ್ಕವನ್ನು ಹಿಡಿಯದೆಯೇ 3,500 ಡಾಲರ್, ಅಂದರೆ 3.15 ಲಕ್ಷ ರೂಪಾಯಿ. ತಲೆಗೆ 95,000 ಎಂದು ತಾವು ನಂಬಿರುವುದು ಸುಮಾರು 1,47,000 ಆಗುತ್ತದೆ. ಟಾಂಜಾನಿಯಾ ವೀಸಾ ಒಬ್ಬರಿಗೆ 50 ಡಾಲರ್. ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಒಟ್ಟಿಗೆ ನಡೆಯುವ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಟಾಂಜಾನಿಯಾಕ್ಕೆ ನಡೆಯುವುದಿಲ್ಲ.

ಇನ್ನು ದಾರಿಯ ಮಾತು. ನಕಾಶೆಯಲ್ಲಿ ಮಾರಾ ಮತ್ತು ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ. ಕಾಡುಕೋಣಗಳಂತೆ ಕಾಣುವ ವಿಲ್ಡೆಬೀಸ್ಟ್ ಹಿಂಡುಗಳು ದಾಟುತ್ತವೆ, ಪ್ರವಾಸಿಗರಿಗೆ ಅಲ್ಲಿ ಗಡಿ ತೆರೆದಿಲ್ಲ. ಇಸೆಬಾನಿಯಾ ಎಂಬ ಗಡಿ ಊರಿನ ಮೂಲಕ ಸುತ್ತಿ ಹೋಗಬೇಕು, ಗಡಿಯಲ್ಲಿ ಸಾಮಾನು ಇಳಿಸಿ ಟಾಂಜಾನಿಯಾದ ವಾಹನಕ್ಕೆ ಬದಲಾಯಿಸಬೇಕು. ಆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ನೈರೋಬಿಯಿಂದ ಮಾರಾಕ್ಕೆ ಬರುವುದೇ ಐದಾರು ಗಂಟೆ, ಅದರಲ್ಲೂ ಕೊನೆಯ ಭಾಗ ಮೈ ಕುಲುಕಿಸುವಂಥದ್ದು. 71 ವರ್ಷದ ಹಿರಿಯರನ್ನು ಆರು ರಾತ್ರಿಯಲ್ಲಿ ನಾಲ್ಕು ಕಡೆ ಮಲಗಿಸುವ ಈ ಯೋಜನೆಯನ್ನು ನಾನು ನನ್ನ ಮನೆಯವರಿಗೆ ಮಾಡಿಕೊಡುವುದಿಲ್ಲ. ಎರಡನೆಯ ದೇಶವನ್ನು ಬಿಟ್ಟುಬಿಡಿ. ತಂದೆಯವರ ಆರೋಗ್ಯ ಹೇಗಿದೆ, ಯಾವ ಔಷಧ ತೆಗೆದುಕೊಳ್ಳುತ್ತಾರೆ ಎಂಬುದನ್ನು ಬರೆಯಿರಿ; ಅದು ತಿಳಿಯದೆ ನಾನು ಮುಂದಿನದನ್ನು ಹೇಳಲಾರೆ.

ಧಾರವಾಡದ ಸದಸ್ಯರು: ಇಷ್ಟೊಂದು ಶುಲ್ಕ ಕೊಟ್ಟು ಮಾರಾಗೆ ಹೋಗುವುದೇ ಅವಿವೇಕ ಎಂದು ನನ್ನ ಅಭಿಪ್ರಾಯ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಬಾಡಿಗೆ ಕಾರನ್ನು ನಾವೇ ಓಡಿಸಿಕೊಂಡು ಹೋಗಬಹುದು. ಡಾಂಬರು ರಸ್ತೆಯಿದೆ, ಸರ್ಕಾರಿ ಶಿಬಿರಗಳಿವೆ, ನಾವೇ ಅಡುಗೆ ಮಾಡಿಕೊಳ್ಳಬಹುದು.

ಬೆಂಗಳೂರಿನ ಸದಸ್ಯರು: ಡಾಂಬರು ರಸ್ತೆಯ ಮೇಲೆ ಕಾರುಗಳ ಸಾಲಿನಲ್ಲಿ ನಿಂತು ಸಿಂಹದ ಬಾಲ ನೋಡುವುದಕ್ಕೂ ಮಾರಾದ ಬಯಲಿಗೂ ಹೋಲಿಕೆ ಮಾಡಬೇಡಿ. ಲಕ್ಷಗಟ್ಟಲೆ ಪ್ರಾಣಿಗಳ ಹಿಂಡು ನದಿ ದಾಟುವುದನ್ನು ಕ್ರೂಗರ್‌ನಲ್ಲಿ ನೋಡಲು ಸಿಗುತ್ತದೆಯೇ?

ಧಾರವಾಡದ ಸದಸ್ಯರು: ನದಿಯ ದಂಡೆಯಲ್ಲಿ ಮೂರು ದಿನ ಕಾದು ಒಂದೂ ದಾಟದೆ ಹಿಂದಿರುಗಿದವರನ್ನು ನಾನು ಬಲ್ಲೆ. ಆ ದಂಡೆಯಲ್ಲೂ ವಾಹನಗಳ ಸಾಲೇ ಇರುತ್ತದೆ. ತಾವು ಹೋಗಿದ್ದೀರಾ, ವಿಡಿಯೊ ನೋಡಿ ಮಾತಾಡುತ್ತಿದ್ದೀರಾ?

ಬೆಂಗಳೂರಿನ ಸದಸ್ಯರು: ನಾನು ಹೋಗಿದ್ದೇನೆ. ಹಣದ ಲೆಕ್ಕವನ್ನೇ ನೋಡುವವರು ಮನೆಯಲ್ಲೇ ಟಿ.ವಿ. ನೋಡಬಹುದು.

ಜೋಹಾನ್ಸ್‌ಬರ್ಗ್‌ನ ಸದಸ್ಯರು: ನಾನು ಉಡುಪಿಯವನು, ಇಲ್ಲಿ ಕೆಲಸದಲ್ಲಿದ್ದೇನೆ. ಕ್ರೂಗರ್‌ನಲ್ಲಿ ಡಾಂಬರಿನ ಮೇಲೆ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ದಾರಿಯಲ್ಲಿ 40 ಎಂಬ ಮಿತಿಯಿದೆ. ಅದನ್ನು ಪಾಲಿಸಿ ನಿಧಾನವಾಗಿ ಹೋದವರಿಗೆ ಪ್ರಾಣಿಗಳು ಕಾಣುತ್ತವೆ. ಎರಡೂ ಕಾಡುಗಳು ಒಳ್ಳೆಯವೇ. ಇಲ್ಲಿ ಜಗಳವಾಡುವ ಅಗತ್ಯ ಕಾಣುವುದಿಲ್ಲ.

ಧಾರವಾಡದ ಸದಸ್ಯರು: ಜಗಳ ತೆಗೆದವನು ನಾನಲ್ಲ.

ತುಮಕೂರಿನ ಸದಸ್ಯರು: ಲೆನ್ಸ್ ಬಗ್ಗೆ ಕೇಳಿದ್ದೆ.

ಕಲಬುರಗಿಯ ಸದಸ್ಯರು: ಪ್ಯಾಕೇಜಿನ ಮೇಲೆ ಟಿಸಿಎಸ್ (ಮೊದಲೇ ವಸೂಲು ಮಾಡುವ ತೆರಿಗೆ) ಎಂದು ಹಣ ಹಿಡಿಯುತ್ತಾರಂತೆ. ಅದೂ ಖರ್ಚೇ?

ಉತ್ತರ: ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದು ತಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗುವ ಹಣ, ಆದ್ದರಿಂದ ಕೈಯಲ್ಲಿ ಇಟ್ಟುಕೊಂಡಿರಬೇಕು. 2025ರ ಏಪ್ರಿಲ್‌ನಲ್ಲಿ 10 ಲಕ್ಷದವರೆಗೆ ಶೇ 5, ಅದರ ಮೇಲಿನದಕ್ಕೆ ಶೇ 20 ಎಂದಾಯಿತು. ಬಜೆಟ್ಟಿನಲ್ಲಿ ಬದಲಾಗುತ್ತಿರುವ ದರವಿದು. ಹಣ ಕಟ್ಟುವ ದಿನ ಯಾವುದು ಚಾಲ್ತಿಯಲ್ಲಿದೆ ಎಂದು ಕೇಳಿಕೊಳ್ಳಿ.

ಹಾಸನದ ಸದಸ್ಯರು: ಶಾಲೆಯ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಮಾರಾ ಹೇಗಿರುತ್ತದೆ?

ಉತ್ತರ: ದೊಡ್ಡ ಮಳೆಗಾಲ. ಶುಲ್ಕ 100 ಡಾಲರ್, ಟೆಂಟುಗಳೂ ಅಗ್ಗ. ದಾರಿ ಕೆಸರು, ಹುಲ್ಲು ಎತ್ತರ. ಆದರೆ ಮಾರಾದ ಸಿಂಹಗಳು ವರ್ಷವಿಡೀ ಅಲ್ಲೇ ಇರುತ್ತವೆ. ಮೇ ಕೊನೆಯ ವಾರವನ್ನು ಆರಿಸಿಕೊಳ್ಳಿ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಡಿ. ಕೀನ್ಯಾದಲ್ಲಿ 2017ರಿಂದ ಅವಕ್ಕೆ ನಿಷೇಧವಿದೆ. ಚಟ್ನಿಪುಡಿಯನ್ನು ಡಬ್ಬಿಯಲ್ಲಿ ತನ್ನಿ.

ದಾವಣಗೆರೆಯ ಸದಸ್ಯರು: ಅದೆಲ್ಲ ಸರಿ ಮೇಡಂ, ಒಟ್ಟು ಎಷ್ಟು ಎಂದು ಒಂದೇ ಸಂಖ್ಯೆ ಹೇಳಿಬಿಡಿ.

ಉತ್ತರ: ತಿಂಗಳು ಹೇಳದವರಿಗೆ ಒಂದೇ ಸಂಖ್ಯೆ ಇಲ್ಲ.

ಮಂಡ್ಯದ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ: "ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳುವ ಅಗತ್ಯವಿಲ್ಲ, ಕಾರ್ಡಿಗೆ ಸೀಲ್ ಹಾಕಿಕೊಡುವವರು ಇದ್ದಾರೆ. ಮಲೇರಿಯಾಕ್ಕೆ ಪರಂಗಿ ಎಲೆಯ ರಸ ಕುಡಿದರೆ ಮಾತ್ರೆ ಬೇಡ." ಸಾವಿರಾರು ರೂಪಾಯಿ ಉಳಿಯುತ್ತದೆ ಎಂದು ಹಾಕಿದೆ.

ಉತ್ತರ: ಇದನ್ನು ದಯವಿಟ್ಟು ಅಳಿಸಿಹಾಕಿ. ತಮ್ಮ ಮೊದಲ ಸಂದೇಶಕ್ಕೆ ನಾನು ತಾಳ್ಮೆಯಿಂದ ಉತ್ತರಿಸಿದ್ದೆ. ಸುಳ್ಳು ಕಾರ್ಡು ಅಪರಾಧ, ಪರಂಗಿ ಎಲೆಯ ರಸ ಮಲೇರಿಯಾವನ್ನು ತಡೆಯುವುದಿಲ್ಲ. ಕೀನ್ಯಾದಿಂದ ಭಾರತಕ್ಕೆ ಹಿಂದಿರುಗುವವರ ಬಳಿ ಸರಿಯಾದ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ. ಮಲೇರಿಯಾ ಮಾತ್ರೆಯನ್ನು ವೈದ್ಯರು ಹೇಳಬೇಕು, ಗುಂಪುಗಳಲ್ಲ.

ಮಂಡ್ಯದ ಸದಸ್ಯರು: ನಾನು ಕೇಳಿದೆ ಅಷ್ಟೇ, ಹೇಳಿದ್ದಲ್ಲ. ಇಷ್ಟು ಕೋಪ ಬೇಡವಿತ್ತು.

ಬೆಂಗಳೂರಿನ ಸದಸ್ಯರು: ಕೇಳುವ ಮೊದಲು ಎಲ್ಲ ಗುಂಪಿಗೂ ಕಳುಹಿಸುವುದನ್ನು ನಿಲ್ಲಿಸಿ.

ಶಿವಮೊಗ್ಗದ ಸದಸ್ಯರು: ಮೇಡಂ, ಅಪ್ಪನಿಗೆ ಸಂಧಿವಾತವಿದೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಲಸಿಕೆಯ ವಿಷಯವನ್ನು ಏಜೆಂಟರು ಎತ್ತಲೇ ಇಲ್ಲ, ಇಲ್ಲೇ ಈಗ ಓದಿದೆ. ಇದರಿಂದ ಏನಾದರೂ ತೊಂದರೆಯೇ?

ಉತ್ತರ: ಹಾಗಿದ್ದರೆ ಮೇಲೆ ನಾನು ಬರೆದ ಸಲಹೆ ಸಾಲದು ಸರ್. ಹಳದಿ ಜ್ವರದ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ, ಆದರೆ ಜೀವಂತ ವೈರಾಣು. ಮೆಥೊಟ್ರೆಕ್ಸೇಟ್ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಅದರ ಮೇಲೆ, 60 ದಾಟಿದವರು ಮೊದಲ ಸಲ ಈ ಲಸಿಕೆ ಹಾಕಿಸಿಕೊಂಡರೆ ಗಂಭೀರ ಅಡ್ಡಪರಿಣಾಮದ ಸಂಭವ ಕಿರಿಯರಿಗಿಂತ ಹೆಚ್ಚು. ನಾನು ವೈದ್ಯೆಯಲ್ಲ. ಅವರ ಸಂಧಿವಾತದ ವೈದ್ಯರನ್ನು ಕಂಡು, ಔಷಧದ ಚೀಟಿಯನ್ನು ತೋರಿಸಿ, ಲಸಿಕೆ ಕೊಡಬಹುದೇ ಇಲ್ಲವೇ ಎಂದು ಕೇಳುವವರೆಗೆ ಕೀನ್ಯಾ ಪ್ರವಾಸಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಲಸಿಕೆಗಾಗಿ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಬೇಡಿ. ತಾಯಿಯವರಿಗೂ 66 ಆಗಿರುವುದರಿಂದ ಅವರನ್ನೂ ಜೊತೆಗೆ ಕರೆದೊಯ್ಯಿರಿ.

ವೈದ್ಯರು ಬೇಡವೆಂದರೆ ಧಾರವಾಡದವರು ಹೇಳಿದ ದಾರಿಯೇ ತಮ್ಮ ಮನೆಗೆ ಸರಿ. ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶವಲ್ಲ. ಭಾರತದಿಂದ ದುಬೈ ಅಥವಾ ದೋಹಾ ಮೂಲಕ ನೇರ ಹೋಗಿ ಬರುವವರಿಗೆ ಈ ಲಸಿಕೆ ಬೇಕಿಲ್ಲ. ಅಗ್ಗ ಸಿಕ್ಕಿತೆಂದು ಹಳದಿ ಜ್ವರದ ದೇಶಗಳಲ್ಲಿರುವ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಟಿಕೆಟ್ ಮಾಡಬೇಡಿ, ಬಿಟ್ಟುಬಂದ ತೊಡಕನ್ನೇ ಮತ್ತೆ ಮೈಮೇಲೆ ಎಳೆದುಕೊಂಡಂತಾಗುತ್ತದೆ. ಕ್ರೂಗರ್‌ನಲ್ಲಿ ವಿದೇಶಿ ವಯಸ್ಕರಿಗೆ ದಿನದ ಶುಲ್ಕ 600 ರ‍್ಯಾಂಡ್ ಆಸುಪಾಸು, ಅಂದರೆ ಸುಮಾರು 3,000 ರೂಪಾಯಿ. ನಾಲ್ವರಿಗೆ ನಾಲ್ಕು ದಿನಕ್ಕೆ 48,000 ಆಗುತ್ತದೆ. ಮಾರಾದಲ್ಲಿ ಎರಡೇ ದಿನಕ್ಕೆ 1.44 ಲಕ್ಷ ಆಗುತ್ತಿತ್ತು. ಆಗಸ್ಟ್ ಅಲ್ಲಿ ಒಣ ಚಳಿಗಾಲ, ಗಿಡಗಳ ಎಲೆ ಉದುರಿ ಪ್ರಾಣಿಗಳು ನೀರಿನ ಹೊಂಡಗಳಿಗೆ ಬರುತ್ತವೆ. ಸ್ಕುಕುಜಾ, ಲೋವರ್ ಸಾಬಿ ಎರಡೇ ಶಿಬಿರಗಳಲ್ಲಿ ಎರಡೆರಡು ರಾತ್ರಿ ಇದ್ದರೆ ಹಿರಿಯರಿಗೆ ಆಯಾಸವಾಗುವುದಿಲ್ಲ. ಶಿಬಿರದ ಬೇಲಿಯೊಳಗೆ ನಡೆದಾಡಬಹುದು, ತಂದೆಯವರಿಗೆ ಬೇಕಾದ ಹೊತ್ತಿಗೆ ಮಲಗಬಹುದು. ಕ್ರೂಗರ್‌ನಲ್ಲೂ ಮಲೇರಿಯಾ ಇದೆ. ಮೆಥೊಟ್ರೆಕ್ಸೇಟ್ ಜೊತೆಗೆ ಯಾವ ಮಾತ್ರೆ ಹೊಂದುತ್ತದೆ ಎಂಬುದನ್ನೂ ಅದೇ ವೈದ್ಯರಲ್ಲಿ ಕೇಳಿ. ವೀಸಾಕ್ಕೆ ಮಕ್ಕಳ ಜನನ ಪ್ರಮಾಣಪತ್ರ ಈಗಲೇ ತೆಗೆದಿಡಿ.

ಏಜೆಂಟರಿಗೆ ಇಂದೇ ಬರಹದಲ್ಲಿ ತಿಳಿಸಿ: ಲಸಿಕೆಯ ವಿಷಯವನ್ನು ತಿಳಿಸದೆ ಮುಂಗಡ ಪಡೆದಿದ್ದೀರಿ, ಲಾಡ್ಜಿಗೆ ಹಣ ಕಟ್ಟಿದ್ದರೆ ರಸೀದಿ ಕಳುಹಿಸಿ, ಕಟ್ಟಿಲ್ಲದಿದ್ದರೆ ಮುಂಗಡ ಹಿಂದಿರುಗಿಸಿ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ.

ಶಿವಮೊಗ್ಗದ ಸದಸ್ಯರು: ತುಂಬಾ ಉಪಕಾರವಾಯಿತು ಮೇಡಂ. ನಾಳೆಯೇ ವೈದ್ಯರ ಬಳಿ ಹೋಗುತ್ತೇವೆ. ಏಜೆಂಟರಿಗೆ ಈಗಲೇ ಬರೆಯುತ್ತೇನೆ.

ಧಾರವಾಡದ ಸದಸ್ಯರು: ನಾನು ಮೊದಲೇ ಹೇಳಿದ್ದೆ.

ಬೆಂಗಳೂರಿನ ಸದಸ್ಯರು: ತಾವು ಹೇಳಿದ್ದು ಹಣದ ಕಾರಣಕ್ಕೆ, ಮೇಡಂ ಹೇಳಿದ್ದು ಆರೋಗ್ಯದ ಕಾರಣಕ್ಕೆ. ಎರಡನ್ನೂ ಒಂದು ಮಾಡಬೇಡಿ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮುಂದುವರಿದರೆ ಇಬ್ಬರ ಸಂದೇಶಗಳನ್ನೂ ತೆಗೆಯಬೇಕಾಗುತ್ತದೆ.

ಬಳ್ಳಾರಿಯ ಸದಸ್ಯರು: ರುವಾಂಡಾದಲ್ಲಿ ಗೊರಿಲ್ಲಾ ನೋಡಲು ಎಷ್ಟು? ನಾವಿಬ್ಬರು, 13 ವರ್ಷದ ಮಗಳು, ಫೆಬ್ರವರಿ.

ಉತ್ತರ: ತಿಂಗಳು ಬರೆದಿದ್ದಕ್ಕೆ ಧನ್ಯವಾದ. ಪರವಾನಗಿ ಒಬ್ಬರಿಗೆ 1,500 ಡಾಲರ್, ಗೊರಿಲ್ಲಾಗಳ ಬಳಿ ಒಂದು ಗಂಟೆ. ಉಗಾಂಡಾದಲ್ಲಿ 800. ಎರಡೂ ಕಡೆ 15 ವರ್ಷ ತುಂಬಿರಬೇಕು, ಮಗಳಿಗೆ ಸಿಗುವುದಿಲ್ಲ. ಎರಡು ವರ್ಷ ಕಾಯಿರಿ.

ತುಮಕೂರಿನ ಸದಸ್ಯರು: ಲೆನ್ಸ್ ಬಗ್ಗೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ದಾವಣಗೆರೆಯ ಸದಸ್ಯರು: ತಿಂಗಳು ನವೆಂಬರ್ ಎಂದುಕೊಳ್ಳಿ ಮೇಡಂ. ಒಟ್ಟು ಎಷ್ಟು?

ಉತ್ತರ: ಮೈಸೂರಿನವರ ಲೆಕ್ಕದಲ್ಲಿ ಪ್ರವೇಶದ 600 ಇದ್ದಲ್ಲಿ 1,200 ಹಾಕಿ ಕೂಡಿಸಿ.