ಹೊಟ್ಟೆ ಚೀಲ ತೆಗೆದು ಮೂರು ವರ್ಷ, ಈಗ್ಯಾಕೆ ರಕ್ತ ಕಡಿಮೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 64 ವರ್ಷ. ಮೂರು ವರ್ಷದ ಹಿಂದೆ ಕ್ಯಾನ್ಸರ್ ಆಪರೇಷನ್ ಮಾಡಿ ಹೊಟ್ಟೆ ಚೀಲ, ಅಂದರೆ ಜಠರ ಪೂರ್ತಿ ತೆಗೆದಿದ್ದಾರೆ. ಇಷ್ಟು ದಿನ ಚೆನ್ನಾಗೇ ಇದ್ದರು. ಈಗ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.2. ಎಂ.ಸಿ.ವಿ., ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 88, ನಾರ್ಮಲ್ ಅಂತಿದೆ. ಕಬ್ಬಿಣದ ಮಾತ್ರೆ, ಫೋಲಿಕ್ ಆಸಿಡ್ ಕೊಟ್ಟಿದ್ದಾರೆ. ಮನೆಯಲ್ಲಿ ಬೀಟ್‌ರೂಟ್, ಖರ್ಜೂರದ ಜ್ಯೂಸ್ ಮಾಡಿಕೊಡುತ್ತಿದ್ದೇವೆ. ಸಾಕಾ?

ಉತ್ತರ: ಬಿ12 ಇಂಜೆಕ್ಷನ್ ನಡೀತಾ ಇದೆಯಾ? ಕಾಲು ಜೋಮು ಹಿಡಿಯುತ್ತದಾ?

ಪ್ರಶ್ನೆ: ಮೊದಲ ವರ್ಷ ಹಾಕಿಸಿದೆವು. ಆರಾಮಾಗಿದ್ದಾರಲ್ಲ ಅಂತ ಬಿಟ್ಟೆವು. ಪಾದ ಜುಮ್ ಅನ್ನುತ್ತದಂತೆ. ಮೊನ್ನೆ ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡೆವು.

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಬಿ12 ಮೈಗೆ ಹತ್ತಬೇಕಾದರೆ ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನ್ ಬೇಕು. ಜಠರವೇ ಇಲ್ಲದ ಮೇಲೆ ಅದೂ ಇಲ್ಲ. ಆದರೆ ಲಿವರ್‌ನಲ್ಲಿ ಸುಮಾರು 2ರಿಂದ 5 ವರ್ಷಕ್ಕೆ ಆಗುವಷ್ಟು ದಾಸ್ತಾನು ಇರುತ್ತದೆ. ಅದು ಖರ್ಚಾಗುವ ತನಕ ಎಲ್ಲ ಸರಿಯಾಗಿದೆ ಅನಿಸುತ್ತದೆ. ನಿಮ್ಮಲ್ಲಿ ಆಗಿರುವುದೂ ಅದೇ ಇರಬಹುದು.

ಆ 88 ನೋಡಿ ಸಮಾಧಾನ ಪಡಬೇಡಿ. ಕಬ್ಬಿಣ ಕಡಿಮೆಯಾದರೆ ಕೆಂಪು ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದಪ್ಪಗಾಗುತ್ತದೆ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಸರಾಸರಿ ನಾರ್ಮಲ್ ಬಂದುಬಿಡುತ್ತದೆ! ಅದೇ ರಿಪೋರ್ಟಿನಲ್ಲಿ ಆರ್.ಡಿ.ಡಬ್ಲ್ಯೂ., ಅಂದರೆ ಕಣಗಳ ಗಾತ್ರದಲ್ಲಿನ ಏರುಪೇರು, ಜಾಸ್ತಿ ಇದೆಯಾ ನೋಡಿ. ಬಿ12, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವುದು), ವಿಟಮಿನ್ ಡಿ ಪರೀಕ್ಷೆಗೆ ರಕ್ತ ಕೊಟ್ಟು, ಆಮೇಲೆ ಇಂಜೆಕ್ಷನ್ ಶುರು ಮಾಡಿಸಿ. ತಡ ಮಾಡಬೇಡಿ, ಇದೇ ವಾರ ಆಗಲಿ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಏರಬಹುದು, ಬಿ12 ಕೊರತೆಯಿಂದ ಒಳಗೆ ನರ ಹಾಳಾಗುವುದು ಮಾತ್ರ ನಿಲ್ಲುವುದಿಲ್ಲ. ನನಗೆ ಹೆದರಿಕೆ ಇರುವುದು ಅಲ್ಲೇ. ನರಕ್ಕೆ ತಾಗಿದ್ದರೆ ಮೊದಲು ಒತ್ತೊತ್ತಾಗಿ ಹಾಕುತ್ತಾರೆ. ಆಮೇಲೆ ತಿಂಗಳಿಗೋ ಮೂರು ತಿಂಗಳಿಗೋ ಒಂದು, ಜೀವನಪೂರ್ತಿ.

ಕಬ್ಬಿಣದ ಮಾತ್ರೆಯನ್ನು ನಿಂಬೆ ನೀರಿನ ಜೊತೆ ಕೊಡಿ, ಕಾಫಿ ಟೀ ಜೊತೆ ಬೇಡ. ಆಸಿಡ್ ಇಲ್ಲದ ಹೊಟ್ಟೆಗೆ ಅದು ಸರಿಯಾಗಿ ಹತ್ತದಿದ್ದರೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಕ್ಯಾಲ್ಸಿಯಂ ಬರೆದುಕೊಟ್ಟರೆ ಸಿಟ್ರೇಟ್ ಕೇಳಿ, ಕಾರ್ಬೊನೇಟ್ ಕರಗಲು ಆಸಿಡ್ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಿಸಬೇಡಿ.

ಆಪರೇಷನ್ ಮಾಡಿದ ಡಾಕ್ಟರಿಗೂ ಈ ರಿಪೋರ್ಟ್ ತೋರಿಸಿ. ರಕ್ತ ಕಡಿಮೆಯಾಗಲು ಬೇರೆ ಕಾರಣ ಇಲ್ಲ ಅಂತ ಅವರೂ ನೋಡಲಿ.

ಪ್ರಶ್ನೆ: ಜ್ಯೂಸ್ ಕುಡಿದ ಅರ್ಧ ಗಂಟೆಗೆ ಬೆವರಿ, ಎದೆ ಹೊಡೆದುಕೊಳ್ಳುತ್ತೆ ಅಂತಾರೆ. ಅದೂ ಬಿ12 ಕಡಿಮೆಯಾಗಿಯೇ?

ಉತ್ತರ: ಅದು ಜ್ಯೂಸಿನದೇ ಕೆಲಸ ಅನಿಸುತ್ತದೆ. ತಡೆದು ನಿಲ್ಲಿಸಲು ಚೀಲ ಇಲ್ಲ, ಸಿಹಿ ನೀರು ಒಂದೇ ಸಲ ಕರುಳಿಗೆ ಇಳಿಯುತ್ತದೆ. ಇದಕ್ಕೆ ಡಂಪಿಂಗ್ ಅಂತಾರೆ. ಬೀಟ್‌ರೂಟ್‌ನಲ್ಲಿ ಬಣ್ಣ ಇರುವಷ್ಟು ಕಬ್ಬಿಣ ಇಲ್ಲ, ಸುಮ್ನೆ ಯಾಕೆ ಆ ಕಷ್ಟ? ನಿಲ್ಲಿಸಿಬಿಡಿ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಲಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಮೊಟ್ಟೆ, ಮೀನು, ಮೊಸರು, ಮೆತ್ತಗೆ ಬೇಯಿಸಿದ ಹೆಸರುಬೇಳೆ ಇರಲಿ.

ಪ್ರಶ್ನೆ: ಮುದ್ದೆ ಬಿಟ್ಟರೆ ಊಟವೇ ಅಲ್ಲ ಅಂತಾರೆ ಡಾಕ್ಟ್ರೇ.

ಉತ್ತರ: ನಿಂಬೆ ಗಾತ್ರದ್ದು ಕೊಡಿ. ಆದರೆ ನುಂಗೋ ಹಾಗಿಲ್ಲ, ಅಗಿದೇ ತಿನ್ನಬೇಕು. ಒಪ್ಪುತ್ತಾರಾ ಕೇಳಿ ನೋಡಿ!