ಸಹಾಯ ಬೇಕು: ಹಲ್ಲಿನ ಡಾಕ್ಟರ್ ಅಂದ್ರೆ ಹೆದರುವ ಅವ್ವನಿಗೆ

ನಮಸ್ಕಾರ್ರೀ. ನಾವು ಬಾಗಲಕೋಟೆ ನವನಗರದವರು. ಅವ್ವನ ಎರಡು ದವಡೆ ಹಲ್ಲು ಹುಳುಕಾಗಿವೆ, ಕೀಳಿಸಲೇಬೇಕು. ಆದರೆ ಕುರ್ಚಿ ಮೇಲೆ ಕೂತ ಕೂಡಲೇ ಕೈಕಾಲು ನಡುಗಿ, ಬೆವೆತು, ಎದ್ದು ಬಂದುಬಿಡುತ್ತಾಳೆ. ಮೂರು ಸಲ ಹೀಗಾಯಿತು. ಒಂದು ಕಡೆ ಬೈದೇ ಕಳಿಸಿದರು, ನನಗೆ ಬಹಳ ಬೇಜಾರಾಯಿತು. ಹೆದರಿಕೆ ಅನ್ನೋದು ಸುಮ್ನೆ ನಾಟಕ ಅಲ್ವಲ್ಲ. ಈಗ ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದಾಳೆ.

ಮೂಗಿಗೆ ಮಾಸ್ಕ್ ಹಾಕಿ ನೈಟ್ರಸ್ ಆಕ್ಸೈಡ್ ಅನ್ನೋ ಹೆದರಿಕೆ ಇಳಿಸುವ ಗ್ಯಾಸ್ ಕೊಡುವ, ಇಲ್ಲಾ ಅರಿವಳಿಕೆ ಡಾಕ್ಟರ್ ಜೊತೆಗಿದ್ದು ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ಮಂಪರು ಬರಿಸಿ ಹಲ್ಲು ಕೀಳುವ ದವಾಖಾನೆ ಇಲ್ಲಿ, ವಿಜಯಪುರದಲ್ಲಿ ಅಥವಾ ಬೆಳಗಾವಿಯಲ್ಲಿ ಇದೆಯಾ? ಅವ್ವನಿಗೆ ಬಿಪಿ, ಶುಗರ್ ಎರಡೂ ಇದೆ, ಹಾಗಾಗಿ ಆಕ್ಸಿಜನ್, ನಾಡಿ ನೋಡುತ್ತಲೇ ಇರುವ ಕಡೆಯೇ ಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾಡಿಸಿದ್ದರೆ ಖರ್ಚು ಎಷ್ಟಾಯಿತು, ಎಷ್ಟು ತಾಸು ಉಪವಾಸ ಇರಿಸಿದರು, ದಯವಿಟ್ಟು ಹೇಳಿ.