ಹತ್ತು ರೂಪಾಯಿ ತಂತಿ

ಹಳೇಮನೆ ಬಳಗ
ಭಾನುವಾರ

ಪ್ರಕಾಶ ಮಾವ 7:40
(ಫಾರ್ವರ್ಡ್ ಮಾಡಿದ ವಿಡಿಯೊ) ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಮನೇಲಿ ಅರ್ತ್ ಇಲ್ವಾ? 10 ರೂಪಾಯಿ ತಂತಿ ಸಾಕು! ಎಲ್ಲರಿಗೂ ಕಳಿಸಿ!!
ಸುಮಾ ಮೊನ್ನೆ ಹೇಳ್ತಿದ್ಲಲ್ಲ, ಅದಕ್ಕೇ ಹಾಕಿದೆ 🙏

ಸುಮಾ 8:05
ಹೌದು ಮಾವ. ಹಜಾರದ ಪ್ಲಗ್‌ಗೆ ಹಾಕಿ ಕೂತ್ರೆ ಕೈ ಇಡೋ ಜಾಗದಲ್ಲಿ ಇರುವೆ ಹರಿದ ಹಾಗಾಗುತ್ತೆ. ಬರಿಗಾಲು ಗಾರೆ ನೆಲಕ್ಕೆ ತಾಗಿದ್ರೆ ಇನ್ನೂ ಜಾಸ್ತಿ. ಕಾಲು ಮಡಚಿ ಬೆಂಚಿನ ಮೇಲಿಟ್ರೆ ಏನಿಲ್ಲ.

ದೊಡ್ಡಪ್ಪ 8:09
ಚಪ್ಪಲಿ ಹಾಕ್ಕೋ ಅಂದ್ರೆ ಕೇಳಲ್ಲ.

ಶಾರದತ್ತೆ 8:10
ಒಳಗೆ ಚಪ್ಪಲಿನಾ ಅಣ್ಣಯ್ಯ? ಅತ್ತಿಗೆ ಇದನ್ನ ಓದಿಲ್ಲ ತಾನೇ?

ವಿನಾಯಕ 8:31
ಮಾವ, ಆ ವಿಡಿಯೊ ದಯವಿಟ್ಟು ತೆಗೀರಿ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿಯಿಂದ, ಅರ್ತ್ ತೂತಿಗೆ ತುಂಡು ತಂತಿ ಕೊಡೋದು ತೋರಿಸಿದಾನೆ. ಯಾರೂ ಮಾಡಬೇಡಿ.

ಪ್ರಕಾಶ ಮಾವ 8:33
ಯಾಕೋ? ನ್ಯೂಟ್ರಲ್ ಕೊನೆಗೆ ಟ್ರಾನ್ಸ್‌ಫಾರ್ಮರ್ ಹತ್ರ ಭೂಮಿಗೇ ತಾನೇ ಹೋಗೋದು? ಅರ್ತೂ ಭೂಮಿಗೇ. ಎರಡೂ ಒಂದೇ ಆಯ್ತಲ್ಲ. ಅವಳ ಲ್ಯಾಪ್‌ಟಾಪಿಗೆ ನಾನೇ ಟೆಸ್ಟರ್ ಇಟ್ಟು ನೋಡಿದೀನಿ, ಕೆಂಪಗೆ ಉರೀತು. ಮೈಮೇಲೆ 230 ವೋಲ್ಟ್ ಇಟ್ಕೊಂಡು ಕೆಲಸ ಮಾಡ್ಬೇಕಾ ಹುಡುಗಿ?

ವಿನಾಯಕ 8:41
ಟೆಸ್ಟರ್ ಉರಿಯೋದಕ್ಕೆ ಕರೆಂಟ್ ಇದೆಯೋ ಇಲ್ವೋ ಅನ್ನೋಷ್ಟಿದ್ರೂ ಸಾಕು ಮಾವ. ಸುಮಾದು ತ್ರೀ ಪಿನ್ ಅಡಾಪ್ಟರ್. ಅದರೊಳಗೆ ಫೇಸಿನಿಂದ (ಕರೆಂಟ್ ಬರೋ ತಂತಿ) ಅರ್ತ್‌ಗೆ ಒಂದು, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ, ಕರೆಂಟಿನಲ್ಲಿರೋ ಗದ್ದಲ ಸೋಸೋಕೆ. ಅರ್ತ್ ಸರಿ ಇದ್ರೆ ಸೋರಿದ್ದು ಸದ್ದಿಲ್ದೆ ಭೂಮಿಗೆ ಹೋಗುತ್ತೆ. ಇಲ್ದಿದ್ರೆ ಲ್ಯಾಪ್‌ಟಾಪಿನ ಲೋಹದ ಮೈ ಎರಡರ ನಡುವೆ ತೇಲ್ತಾ ಇರುತ್ತೆ. ಮೀಟರ್ ಇಟ್ರೆ 110 ವೋಲ್ಟ್ ಆಸುಪಾಸು ತೋರಿಸುತ್ತೆ. ಆದ್ರೆ ಹರಿಯೋದು ಸಾಮಾನ್ಯವಾಗಿ ಅರ್ಧ ಮಿಲಿ ಆಂಪಿಯರ್‌ಗಿಂತ ಕಮ್ಮಿ. ಹಿಡಿದದ್ದು ಬಿಡೋಕಾಗದೆ ಕೈ ಸೆಟೆಯೋಕೆ ಸುಮಾರು 10 ಬೇಕು. ಅಡಾಪ್ಟರ್ ಒಳ್ಳೇದಾಗಿದ್ರೆ ಈ ಜುಮ್ಮಿನಿಂದ ಯಾರೂ ಸಾಯಲ್ಲ.

ಪ್ರಕಾಶ ಮಾವ 8:43
ಸಾಯಲ್ಲ ಅಂದ್ಮೇಲೆ ಈ ರಾಮಾಯಣ ಯಾಕೆ?

ವಿನಾಯಕ 8:44
ಜುಮ್ಮಿನಿಂದ ಸಾಯಲ್ಲ. ನಿಮ್ಮ ತಂತಿಯಿಂದ ಸಾಯಬಹುದು.

ಶಾರದತ್ತೆ 8:44
ಬಿಡ್ತು ಅನ್ನೋ 😳

ದೊಡ್ಡಪ್ಪ 8:52
ವಿನಾಯಕ, ನೀನು ಡಿಪ್ಲೊಮಾ ಓದಿದೀಯ, ಸರಿ. ಈ ಮನೆ ವೈರಿಂಗ್ ನಾನೂ ನಿನ್ನಪ್ಪನೂ ನಿಂತು ಮಾಡಿಸಿದ್ದು. ಮರದ ಪಟ್ಟಿ ಮೇಲೆ ಎರಡೇ ತಂತಿ. 50 ವರ್ಷದಲ್ಲಿ ಒಬ್ಬರಿಗೂ ಏನೂ ಆಗಿಲ್ಲ. ಇನ್ನೊಂದು, ಪ್ರಕಾಶ ಭಾವ ನಂಗೆ ನಿನ್ನೆ ರಾತ್ರಿನೇ ಕಳಿಸಿದ್ರು. ಬೆಳಿಗ್ಗೆ ಹಜಾರದ ಪ್ಲಗ್‌ಗೆ ತಂತಿ ಹಾಕಿ ಆಯ್ತು. ಜುಮ್ ನಿಂತಿದೆ.

ಸುಮಾ 8:54
ಅಯ್ಯೋ, ಅದಕ್ಕೇ ಈವತ್ತು ಏನೂ ಅನ್ನಿಸಲಿಲ್ಲ! ನಾನು ಅದರಲ್ಲೇ ಹಾಕ್ಕೊಂಡು ಕೂತಿದೀನಿ.

ವಿನಾಯಕ 8:54
ಸುಮಾ, ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳು. ಬ್ಯಾಟರಿ ಮೇಲೆ ಕೆಲಸ ಮಾಡು.

ವಿನಾಯಕ 9:02
ದೊಡ್ಡಪ್ಪ, ಆಗ ಮನೇಲಿ ಇದ್ದದ್ದು ನಾಕು ಬಲ್ಬು, ಒಂದು ರೇಡಿಯೊ. ಲೋಹದ ಮೈ ಇರೋದು ಯಾವುದೂ ಇರಲಿಲ್ಲ. ಈಗ ಹೇಳ್ತೀನಿ ಕೇಳಿ. ಕಂಬದಲ್ಲೋ ಮೀಟರ್ ಹತ್ರವೋ ನ್ಯೂಟ್ರಲ್ ಕಿತ್ತು ಬಂತು ಅಂತಿಟ್ಕೊಳ್ಳಿ. ದೀಪ ಎಲ್ಲ ಆರುತ್ತೆ. ಕರೆಂಟ್ ಹೋಯ್ತು ಅಂತೀವಿ. ಹೋಗಿರಲ್ಲ. ಫೇಸು, ಸ್ವಿಚ್ ಹಾಕಿರೋ ಬಲ್ಬಿನ ಮೂಲಕ ದಾಟಿ ನ್ಯೂಟ್ರಲ್ ತಂತಿಗೆ ಬಂದು ನಿಂತಿರುತ್ತೆ. ನಿಮ್ಮ ತುಂಡು ತಂತಿ ಅದನ್ನ ಸೀದಾ ಲ್ಯಾಪ್‌ಟಾಪಿನ ಮೈಗೆ ಕೊಡುತ್ತೆ. ನಡುವೆ ತಡೆಯೋಕೆ ಪುಟ್ಟ ಕೆಪಾಸಿಟರೂ ಇಲ್ಲ. ಅದೇ ಪ್ಲಗ್‌ಗೆ ನಾಳೆ ಗ್ರೈಂಡರ್ ಹಾಕಿದ್ರೆ ಗ್ರೈಂಡರ್‌ಗೆ. ಹಳೇ ವೈರಿಂಗಲ್ಲಿ ಫೇಸು ನ್ಯೂಟ್ರಲ್ ಅದಲು ಬದಲಾಗಿದ್ರಂತೂ ಏನೂ ಕೀಳೋದೇ ಬೇಡ, ಆಗ್ಲೇ ಹೊಡೆಯುತ್ತೆ.

ಪ್ರಕಾಶ ಮಾವ 9:05
ನ್ಯೂಟ್ರಲ್ ಕಿತ್ತು ಬರೋದು ಎಲ್ಲೋ ಲಕ್ಷಕ್ಕೊಂದು. ಇವನು ಹೆದರಿಸ್ತಾನೆ.

*(17 ನಿಮಿಷ ಯಾರೂ ಏನೂ ಬರೆದಿಲ್ಲ. ಈ ಗುಂಪಿನಲ್ಲಿ ಅದು ದಾಖಲೆ.)*

ದೊಡ್ಡಪ್ಪ 9:22
ಆಷಾಢದಲ್ಲಿ ಹಲಸಿನ ಕೊಂಬೆ ಲೈನ್ ಮೇಲೆ ಬಿದ್ದಿತ್ತು. ದೀಪ ಇಲ್ಲ. ಟೆಸ್ಟರ್ ಇಟ್ರೆ ಎರಡೂ ತೂತಲ್ಲಿ ಉರೀತಿತ್ತು. ಟೆಸ್ಟರ್ ಕೆಟ್ಟಿದೆ ಅಂತ ಬೈದು ಇಟ್ಟೆ. ಲೈನ್‌ಮ್ಯಾನ್ ಬಂದು ಕಂಬ ಹತ್ತಿ ಏನೋ ಬಿಗಿ ಮಾಡಿ ಹೋದ.

ವಿನಾಯಕ 9:23
ಅದೇ ದೊಡ್ಡಪ್ಪ. ಬಿಗಿ ಮಾಡಿದ್ದು ನ್ಯೂಟ್ರಲ್.

ದೊಡ್ಡಪ್ಪ 9:24
ಮೇನ್ ಇಳಿಸ್ತೀನಿ.

ಶಾರದತ್ತೆ 9:25
ನಮ್ಮನೇಲೂ ಇವರು ಹಾಕಿದಾರಾ ಅಂತ ಕೇಳ್ತಿದೀನಿ, ಬಾತ್‌ರೂಮ್ ಹೊಕ್ಕು ಬಾಗಿಲು ಹಾಕ್ಕೊಂಡಿದಾರೆ.

ಸುಮಾ 9:30
ಹಾಗಾದ್ರೆ ನಾನು ವಾರವಿಡೀ ಏನ್ ಮಾಡ್ಲಿ? ಸ್ಪೈಕ್ ಗಾರ್ಡ್ ತರಿಸ್ಲಾ? ನಲ್ಲಿ ಪೈಪಿಗೆ ಅರ್ತ್ ಕಟ್ಟಬಹುದು ಅಂತಾರಲ್ಲ?

ವಿನಾಯಕ 9:38
ನಲ್ಲಿಗೆ ಕಟ್ಟಲೇಬೇಡ. ಹೊರಗೆಲ್ಲ ಪಿವಿಸಿ ಪೈಪು, ಭೂಮಿ ಮುಟ್ಟಲ್ಲ. ಎಲ್ಲಾದ್ರೂ ಸೋರಿದ್ರೆ ಬಚ್ಚಲಲ್ಲಿ ಸ್ನಾನಕ್ಕೆ ನಿಂತವರಿಗೆ ಹೊಡೆಯುತ್ತೆ. ಸ್ಪೈಕ್ ಗಾರ್ಡೂ ಅರ್ತ್ ಇಲ್ದೆ ಅರ್ಧ ಕೆಲಸದ್ದು. ಲ್ಯಾಪ್‌ಟಾಪ್ ಮುಚ್ಚಿಟ್ಟು ಚಾರ್ಜ್ ಮಾಡು, ಪ್ಲಗ್ ಕಿತ್ತು ಕೆಲಸ ಮಾಡು. ಕಿತ್ತ ಮೇಲೆ ಜುಮ್ ಅನ್ನೋದೇ ಇರಲ್ಲ. ಚಾರ್ಜ್ ಆಗ್ತಿರುವಾಗ ಟಿವಿಗೆ ವೈರ್ ಚುಚ್ಚಬೇಡ, ಕಿಡಿ ಹಾರಿ ಪೋರ್ಟ್ ಹೋಗಬಹುದು. ಗುಡುಗು ಶುರುವಾದ್ರೆ ಗೋಡೆಯಿಂದಲೇ ಕೀಳು, ಸ್ವಿಚ್ ಆಫ್ ಮಾಡಿದ್ರೆ ಸಾಲದು. ಚಾರ್ಜರ್ ಕಂಪನಿಯದ್ದೇ ತಾನೇ? ಸಂತೆ ಮಾಲಾದ್ರೆ ನಾನು ಮೇಲೆ ಹೇಳಿದ್ದು ಯಾವುದೂ ಗ್ಯಾರಂಟಿ ಇಲ್ಲ.

ಸುಮಾ 9:40
ಕಂಪನಿಯದ್ದೇ.

ದೊಡ್ಡಪ್ಪ 9:51
ತೆಗೆದೆ. ಈಗ ಸರಿಯಾದ ದಾರಿ ಹೇಳು.

ವಿನಾಯಕ 9:57
ಬರೋ ಭಾನುವಾರ ಬರ್ತೀನಿ. ಹಿತ್ತಲಲ್ಲಿ ಗುಂಡಿ ತೋಡಿ ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬೋದು. ಅಲ್ಲಿಂದ ಹಜಾರಕ್ಕೂ ಅಡುಗೆಮನೆಗೂ ಹಸಿರು ತಂತಿ ಎಳೀತೀನಿ. ಜೊತೆಗೆ ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಕಡಿಯೋ ಸ್ವಿಚ್. ಅದು ಬೇಕೇ ಬೇಕು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಗುಂಡಿಯ ತಡೆ 20 ಓಮ್ ಬಂತು ಅಂದ್ರೆ, ಫೇಸ್ ಪೂರ್ತಿ ಮೈಗೆ ತಾಗಿದ್ರೂ ಹರಿಯೋದು 11 ಆಂಪಿಯರ್ ಚಿಲ್ಲರೆ. 16ರ ಫ್ಯೂಸ್ ಅದಕ್ಕೆ ಹಾರಲ್ಲ. ಆರ್‌ಸಿಸಿಬಿ ಕಣ್ಣು ಮುಚ್ಚಿ ಬಿಡೋದ್ರೊಳಗೆ ಬೀಳುತ್ತೆ.

ಪ್ರಕಾಶ ಮಾವ 10:04
ಆ ಆರ್‌ಸಿಸಿಬಿ ಅರ್ತ್ ಇಲ್ಲದ ಮನೇಲೂ ಕೆಲಸ ಮಾಡುತ್ತಾ? ಸುಮ್ನೆ ಕೇಳಿದೆ.

ವಿನಾಯಕ 10:05
ಮಾಡುತ್ತೆ ಮಾವ, ಆದ್ರೆ ಯಾರಾದ್ರೂ ಮುಟ್ಟಿದ ಮೇಲೆ. ನಿಮ್ಮನೇಲಿ ಎಷ್ಟು ಪ್ಲಗ್‌ಗೆ ತಂತಿ ಹಾಕಿದೀರಿ?

ಪ್ರಕಾಶ ಮಾವ 10:11
ಮೂರು.

*ಪ್ರಕಾಶ ಮಾವ ಒಂದು ಮೆಸೇಜ್ ಡಿಲೀಟ್ ಮಾಡಿದ್ದಾರೆ*

ದೊಡ್ಡಪ್ಪ 10:20
ಉಪ್ಪು ಎಷ್ಟು ಕೆ.ಜಿ. ಬೇಕು?

ದೊಡ್ಡಪ್ಪ 10:21
ನಾನು ದೊಡ್ಡಮ್ಮ ಬರೀತಿರೋದು. ಉಪ್ಪಿನಕಾಯಿಗೆ ತಂದಿಟ್ಟ ಕಲ್ಲುಪ್ಪು ಯಾರೂ ಮುಟ್ಟಬೇಡಿ. ಪೇಟೆಯಿಂದ ಬೇರೆ ತನ್ನಿ.